ಹಕ್ಕಿ ನೋಡಲು ಅಷ್ಟು ದೂರ ಯಾಕೆ? ಪೋಷಕರಿಗೆ ಒಂದು ಪತ್ರ

ದಿನಾಂಕ: 18 ನವೆಂಬರ್

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಡಿಸೆಂಬರ್ ತಿಂಗಳ ಎರಡನೇ ಶನಿವಾರ ಮತ್ತು ಮರುದಿನ ಭಾನುವಾರ, 6 ಮತ್ತು 7ನೇ ತರಗತಿಯ ಮಕ್ಕಳನ್ನು ಖಾನಾಪುರ ತಾಲೂಕಿನ ಭೀಮಗಡ ಕಾಡಿಗೆ ಹಕ್ಕಿ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ಹೋದ ವಾರದ ಸಭೆಯಲ್ಲಿ ಈ ವಿಷಯ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹಕ್ಕಿ ನೋಡಾಕ ಅಷ್ಟು ದೂರ ಯಾಕ್ರೀ ಗುರುಗಳ? ನಮ್ಮ ಹೊಲಕ್ಕ ಬರ್ರಿ, ಜೋಳದ ತೆನಿ ಮ್ಯಾಲೆ ಬೇಕಾದಷ್ಟು ಕುಂತಿರ್ತಾವ." ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಮನೆಗೆ ಹೋದ ಮೇಲೆ, ಕೇಳಿದವರು ತಮಾಷೆಗೆ ಕೇಳಿದ್ದರೂ ಉತ್ತರ ಕೊಡಬೇಕಿತ್ತು ಅನಿಸಿತು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗಿದೆ.

ನಮ್ಮ ಸವದತ್ತಿ ಕಡೆಯ ಹೊಲಗಳಿಗೆ ನೀರು ಬರುವುದು ನವಿಲುತೀರ್ಥದ ಅಣೆಕಟ್ಟಿನಿಂದ. ಅಲ್ಲಿಗೆ ಬರುವುದು ಮಲಪ್ರಭೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಇದೇ ಭೀಮಗಡದ ಕಾಡಿನ ಸೆರಗಿನಲ್ಲಿ. ಇಷ್ಟು ನಿಮಗೆಲ್ಲ ಗೊತ್ತೇ ಇದೆ. ಆ ಕಾಡಿನಲ್ಲಿ ಮರ ನೆಡುವವರು ಯಾರು ಅಂತ ಮಕ್ಕಳನ್ನು ಕೇಳಿದೆ. "ಫಾರೆಸ್ಟಿನವರು ಸರ್" ಅಂದರು. ಅವರೂ ನೆಡುತ್ತಾರೆ, ಸುಳ್ಳಲ್ಲ. ಆದರೆ ದಟ್ಟ ಕಾಡಿನ ಒಳಗೆ ಹಣ್ಣಿನ ಮರಗಳ ಬೀಜ ಹೊತ್ತು ದೂರ ದೂರ ಬಿತ್ತುವ ಕೂಲಿಯವರು ಹಕ್ಕಿಗಳು. ಅವುಗಳಲ್ಲಿ ಮೊದಲನೆಯದು ಮಂಗಟ್ಟೆ, ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್.

ಮಂಗಟ್ಟೆಯ ಬಗ್ಗೆ ನಾಲ್ಕು ಮಾತು ಜಾಸ್ತಿ ಬರೆಯುತ್ತೇನೆ, ತಾಯಂದಿರಿಗೆ ಇದು ಇಷ್ಟ ಆಗುತ್ತೆ ಅಂತ ನನ್ನ ನಂಬಿಕೆ. ಅದರಲ್ಲಿ ದೊಡ್ಡ ಜಾತಿಯದು ಮೂರು ಅಡಿಗಿಂತ ಉದ್ದ ಇರುತ್ತೆ. ಹಾರಿದರೆ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಹಾಗೆ ಬುಸ್ ಬುಸ್ ಅಂತ ಬಹಳ ದೂರ ಕೇಳುತ್ತೆ. ಕೊಕ್ಕಿನ ಮೇಲೆ ಹಳದಿ ಕಿರೀಟ. ಆ ಹಳದಿಯ ಗುಟ್ಟು ಏನು ಗೊತ್ತಾ? ಬಾಲದ ಬುಡದಲ್ಲಿ ಒಂದು ಎಣ್ಣೆಯ ಗ್ರಂಥಿ ಇರುತ್ತೆ. ಅದಕ್ಕೆ ಕೊಕ್ಕು ತಿಕ್ಕಿ ತಿಕ್ಕಿ ಬಣ್ಣ ಹಚ್ಚಿಕೊಳ್ಳುತ್ತೆ, ನಮ್ಮವರು ಅರಿಶಿನ ಹಚ್ಚಿಕೊಂಡ ಹಾಗೆ. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ ತನ್ನ ಹಿಕ್ಕೆಯನ್ನೇ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತೆ. ಕೊಕ್ಕಿನ ತುದಿ ಹೊರಗೆ ಬರುವಷ್ಟೇ ಸಂದು ಬಿಡುತ್ತೆ. ಒಳಗೆ ಕೂತಾಗ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ, ಹಾರುವಂತಿಲ್ಲ. ಒಂದೋ ಎರಡೋ ಮೊಟ್ಟೆ, ಸುಮಾರು 40 ದಿನದ ಕಾವು, ಆಮೇಲೆ ಮರಿಯ ಆರೈಕೆ. ಅಷ್ಟೂ ತಿಂಗಳು ಗಂಡು ಅತ್ತಿ, ಆಲದಂಥ ಹಣ್ಣು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದೇ ಹೊರತೆಗೆದು ಸಂದಿನಿಂದ ಉಣಿಸುತ್ತೆ. ಇಂಥ ಬಾಣಂತನ ಮಾಡುವ ಗಂಡಸರು ನಮ್ಮ ಊರಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ನಾನು ಕೇಳುವುದಿಲ್ಲ.

ಆ ಗಂಡು ಸತ್ತರೆ, ಅಥವಾ ಗೂಡಿನ ಕೆಳಗೆ ಜನ ನಿಂತಿದ್ದಾರೆ ಅಂತ ಹೆದರಿ ಹತ್ತಿರ ಬರದಿದ್ದರೆ, ಒಳಗಿರುವ ತಾಯಿ ಮರಿ ಎರಡೂ ಉಪವಾಸ. ಪೊಟರೆ ಇರುವ ಹಳೆಯ ಮರ ಕಡಿದರೆ ಮುಂದಿನ ವರ್ಷ ಗೂಡಿಗೆ ಜಾಗವೇ ಇಲ್ಲ, ಯಾಕೆಂದರೆ ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ, ಇದ್ದ ಪೊಟರೆಯನ್ನೇ ಹುಡುಕಬೇಕು. 2011ರಲ್ಲಿ ಭೀಮಗಡವನ್ನು ವನ್ಯಜೀವಿಧಾಮ ಅಂತ ಘೋಷಿಸಿದ್ದರಿಂದ ಅಲ್ಲಿಯ ಹಳೆಯ ಮರಗಳಿಗೆ ಒಂದು ಕಾವಲು ಸಿಕ್ಕಿದೆ.

ಬಣ್ಣದ ಹಕ್ಕಿಗಳು ಬೇರೆಯೂ ಇವೆ. ಟ್ರೋಗನ್ ಅಂತ ಒಂದು, ಕನ್ನಡದಲ್ಲಿ ಕಾಕರಣೆ ಹಕ್ಕಿ. ಗಂಡಿನ ತಲೆ ಕಪ್ಪು, ಎದೆಗೆ ಬಿಳಿ ಪಟ್ಟಿ, ಹೊಟ್ಟೆ ಕುಂಕುಮದ ಹಾಗೆ ಕೆಂಪು. ಇಷ್ಟು ಕೆಂಪಿದ್ದರೆ ಸುಲಭವಾಗಿ ಕಾಣುತ್ತೆ ಅಂದುಕೊಳ್ಳಬೇಡಿ. ಅದು ಬೆನ್ನು ನಮ್ಮ ಕಡೆ ಮಾಡಿ ಅಲ್ಲಾಡದೆ ಕೂತಿರುತ್ತೆ, ಬೆನ್ನು ಒಣ ಎಲೆಯ ಬಣ್ಣ. ಹೋದ ವರ್ಷ ಅರ್ಧ ಗಂಟೆ ಒಂದೇ ಮರದ ಕೆಳಗೆ ನಿಂತಿದ್ದೆವು. ಕಂಡಿದ್ದು ನನಗಲ್ಲ, ತರಗತಿಯಲ್ಲಿ ಒಂದು ನಿಮಿಷ ಸುಮ್ಮನೆ ಕೂರದ ಒಬ್ಬ ಹುಡುಗನಿಗೆ. ಇನ್ನೊಂದು ನೀಲಿ ಹಕ್ಕಿ ಇದೆ, ಥೇಟ್ ಮನುಷ್ಯರ ಹಾಗೆ ಸಿಳ್ಳೆ ಹೊಡೆಯುತ್ತೆ. ಇಂಗ್ಲಿಷಿನವರು ಅದಕ್ಕೆ 'ಸಿಳ್ಳೆ ಹೊಡೆಯುವ ಶಾಲಾ ಹುಡುಗ' ಅಂತ ಅಡ್ಡಹೆಸರು ಇಟ್ಟಿದ್ದಾರೆ. ಅದನ್ನು ನೋಡಲು ಮಾತ್ರ ಭೀಮಗಡಕ್ಕೆ ಹೋಗಬೇಕಿಲ್ಲ ಅಂತ ನಮ್ಮ ಟೀಚರಮ್ಮನವರ ಅಭಿಪ್ರಾಯ.

ಹೋದ ವರ್ಷದ ತಪ್ಪೂ ಹೇಳಿಬಿಡುತ್ತೇನೆ. ಮೊದಲ ಮಂಗಟ್ಟೆ ಕಂಡ ತಕ್ಷಣ 30 ಮಕ್ಕಳು ಒಟ್ಟಿಗೆ ಕೂಗಿದರು. ಅವರಿಗಿಂತ ಜೋರಾಗಿ ಕೂಗಿದ್ದು ನಾನು. ಹಕ್ಕಿ ಹೋಯಿತು, ಮತ್ತೆ ಬರಲಿಲ್ಲ. ಅದೇ ದಿನ ಬೇರೆ ಊರಿನ ಪ್ರವಾಸಿಗರ ಗುಂಪೊಂದು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿ ಕರೆಸುತ್ತಿತ್ತು. ನಮ್ಮ ಮಕ್ಕಳಿಗೆ ಅದು ಜಾದೂ ಅನಿಸಿತು. ಆದರೆ ಹಕ್ಕಿ ಬರುವುದು ಖುಷಿಗಲ್ಲ, ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿದೆ ಅಂತ ಜಗಳಕ್ಕೆ. ಮೇಯುವುದು ಬಿಟ್ಟು, ಮರಿ ಬಿಟ್ಟು ಬರುತ್ತೆ. ಹಾಗಾಗಿ ಈ ಸಲ ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ. ನಮ್ಮ ಶಿಕ್ಷಕರ ಬಳಿ ಎರಡು ಫೋನ್ ಇರುತ್ತವೆ, ರಾತ್ರಿ ಪ್ರತಿ ಮಗುವನ್ನೂ ಮನೆಯವರ ಹತ್ತಿರ ಮಾತಾಡಿಸುತ್ತೇವೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಶಾಲೆಯಲ್ಲಿ ಎರಡು ದುರ್ಬೀನು ಇವೆ, ಒಂದರಲ್ಲಿ ಸ್ವಲ್ಪ ಮಂಜು ಮಂಜು ಕಾಣುತ್ತೆ, ಸರದಿಯ ಮೇಲೆ ಕೊಡುತ್ತೇವೆ.

ಇನ್ನು ಸ್ವಲ್ಪ ಕಷ್ಟದ ಮಾತು. ನವೆಂಬರ್ 12, ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಅವತ್ತು ಮಕ್ಕಳಿಗೆ ಹಕ್ಕಿಗಳ ಚಿತ್ರ ತೋರಿಸಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿ ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಅಪರಾಧ ಅಂತ ಹೇಳಿದೆ. ಪಾಠ ಮುಗಿದ ಮೇಲೆ ಒಂದು ಮಗು ಅಳುಮುಖ ಮಾಡಿಕೊಂಡು ಬಂದು, "ಸರ್, ನಮ್ಮ ಮನ್ಯಾಗಿನ ಗಿಳಿ ಪೊಲೀಸರಿಗೆ ಕೊಡ್ತೀರೇನ್ರಿ?" ಅಂತ ಕೇಳಿತು. ಯಾವ ಮನೆ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇಂಥ ಮನೆ ಒಂದೇ ಇರಲಿಕ್ಕಿಲ್ಲ ಅಂತಲೂ ನನಗೆ ಗೊತ್ತು.

ದೂರುವ ಅಧಿಕಾರ ನನಗಿಲ್ಲ. ಐದನೇ ಇಯತ್ತೆಯಲ್ಲಿದ್ದಾಗ ನಾನೇ ಬೇವಿನ ಮರ ಹತ್ತಿ ಪೊಟರೆಯಿಂದ ಗಿಳಿಮರಿ ತೆಗೆದಿದ್ದೆ. ಮೆಣಸಿನಕಾಯಿ, ನೆನೆಸಿದ ಕಡಲೆ, ಏನೇನೋ ತಿನ್ನಿಸಿದೆ. ನಾಲ್ಕನೇ ದಿನ ಸತ್ತಿತು. ತಾಯಿ ಗಿಳಿ ಅದಾದ ಮೇಲೂ ಆ ಬೇವಿನ ಸುತ್ತ ಕಿರುಚುತ್ತಾ ಹಾರುತ್ತಿತ್ತು. ನಮ್ಮ ಅವ್ವ ಬೈಯಲಿಲ್ಲ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ ಅಷ್ಟೇ.

ಮನೆಯಲ್ಲಿ ಗಿಳಿ ಇದ್ದವರು ಈ ಪತ್ರ ಓದಿ ಗಡಿಬಿಡಿಯಲ್ಲಿ ಪಂಜರದ ಬಾಗಿಲು ತೆರೆದುಬಿಡಬೇಡಿ. ರೆಕ್ಕೆ ಕತ್ತರಿಸಿದ ಗಿಳಿ ಹಾರಲಾರದೆ ನೆಲಕ್ಕೆ ಬೀಳುತ್ತೆ, ಬೆಕ್ಕು ನಾಯಿಗೆ ಆಹಾರ ಆಗುತ್ತೆ. ರೆಕ್ಕೆ ಸರಿಯಿದ್ದರೂ ಚಿಕ್ಕಂದಿನಿಂದ ಕೈ ತುತ್ತು ತಿಂದ ಹಕ್ಕಿಗೆ ಹೊರಗೆ ಹೊಟ್ಟೆ ತುಂಬಿಸಿಕೊಳ್ಳಲು ಗೊತ್ತಿರಲ್ಲ. ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ಸರಿ. ಒಬ್ಬರೇ ಹೋಗಲು ಹೆದರಿಕೆ ಆದರೆ ಹೇಳಿ, ನಾನು ಜೊತೆಗೆ ಬರುತ್ತೇನೆ.

ಗಂಡುಮಕ್ಕಳ ದಫ್ತರದಿಂದ ಈ ವರ್ಷ ತೆಗೆದ ಏಳು ಕ್ಯಾಟರ್‌ಬಿಲ್ಲುಗಳು ನನ್ನ ಟೇಬಲ್ಲಿನ ಡ್ರಾಯರಿನಲ್ಲಿವೆ. ಅಪ್ಪಂದಿರು ಬಂದು ತೆಗೆದುಕೊಂಡು ಹೋಗಬಹುದು. ಹೊಲದಲ್ಲಿ ಕವಣೆ ಬೀಸಿ ಜೋಳ ಕಾಯುವುದು ಬೇರೆ, ತಂತಿಯ ಮೇಲೆ ಕೂತ ನೀಲಕಂಠಕ್ಕೆ ಗುರಿ ಇಡುವುದು ಬೇರೆ. ನೀಲಕಂಠ ನಮ್ಮ ರಾಜ್ಯದ ಹಕ್ಕಿ, ಮೇಲಾಗಿ ಹೊಲದ ಹುಳ ತಿನ್ನುವಂಥದ್ದು.

ಪ್ರವಾಸದ ವಿವರ: ಹೆಮ್ಮಡಗಾದ ಅರಣ್ಯ ಇಲಾಖೆಯ ಶಿಬಿರದಲ್ಲಿ ಒಂದು ರಾತ್ರಿ ವಾಸ. ಅನುಮತಿ ಸಿಕ್ಕಿದೆ. ಹೆಣ್ಣುಮಕ್ಕಳ ಜೊತೆ ಇಬ್ಬರು ಶಿಕ್ಷಕಿಯರು ಇರುತ್ತಾರೆ. ಆದರೂ ತಾಯಂದಿರಲ್ಲಿ ಇಬ್ಬರು ಬಂದರೆ ನಮಗೂ ಧೈರ್ಯ, ಮನೆಯಲ್ಲಿರುವವರಿಗೂ ನಿದ್ದೆ. ಅವರ ಖರ್ಚು ಶಾಲೆಯದು. ಬಟ್ಟೆ ಮಾಸಲು ಬಣ್ಣದ್ದು ಇರಲಿ, ಕೆಂಪು ಬಿಳಿ ಬೇಡ, ಆದರೆ ಇದಕ್ಕೆ ಅಂತ ಹೊಸದು ಕೊಳ್ಳಬೇಡಿ. ಡಿಸೆಂಬರಿನಲ್ಲಿ ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ಬೇಕೇ ಬೇಕು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ. ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಕಾಡಿನೊಳಗೆ ಬಿಡುವುದಿಲ್ಲ, ಕೊಟ್ಟರೂ ನಾವು ಬಸ್ಸಿನಲ್ಲೇ ತಿಂದು ಮುಗಿಸುತ್ತೇವೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ನವೆಂಬರ್ 28ರೊಳಗೆ ಕಳಿಸಿ. ಅಪ್ಪ ಊರಲ್ಲಿ ಇಲ್ಲದಿದ್ದರೆ ಅವ್ವನ ಸಹಿಯೋ ಹೆಬ್ಬೆಟ್ಟೋ ಆಗುತ್ತೆ. ಬಸ್ಸು ಬೆಳಗಿನ ಜಾವ 5 ಗಂಟೆಗೆ ಶಾಲೆಯ ಮುಂದಿನಿಂದ ಹೊರಡುತ್ತೆ. ಸಭೆಯಲ್ಲಿ ಪ್ರಶ್ನೆ ಕೇಳಿದವರಿಗೆ ಒಂದು ಸೀಟು ಹಿಡಿದಿಟ್ಟಿದ್ದೇನೆ, ತಪ್ಪದೆ ಬನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಸವದತ್ತಿ ತಾಲೂಕು, ಬೆಳಗಾವಿ ಜಿಲ್ಲೆ