ಅವ್ವನ ನೆನಪಿನ ದಿನ: ಹಳೆ ಫೋಟೊ ಕಳಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 11ಕ್ಕೆ ಕಲಬುರಗಿ ಮನೆಯಲ್ಲಿ ಅವ್ವನ ಪುಣ್ಯಸ್ಮರಣೆ. ಪೂಜೆ ಬೇಗ ಮುಗಿಯುತ್ತದೆ. ಆಮೇಲೆ ಬರೀ ಅವಳ ತಿರುಗಾಟದ ಮಾತು. ಕಾಶಿ, ಶ್ರೀಶೈಲ, ಪಂಢರಪುರ ಎಲ್ಲಾ ಕಂಡವಳು. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲೂ ನಮಗಿಂತ ಮುಂದೆ ನಡೆದವಳು ಅವಳೇ ಅಲ್ವಾ! ಗಾಣಗಾಪುರಕ್ಕೆ ಹೋದರೆ ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗು ಹಾಕದೆ ವಾಪಸ್ ಬಂದದ್ದೇ ಇಲ್ಲ.

ನಿಮ್ಮ ಹತ್ತಿರ ಇರುವ ಅವಳ ಫೋಟೊಗಳನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಊರಿನ ಹೆಸರು ಬರೆಯಿರಿ, ವರ್ಷ ನೆನಪಿಲ್ಲದಿದ್ದರೆ ಬಿಡಿ. ಮೊಮ್ಮಕ್ಕಳು ಆಯಿಯ ಜೊತೆ ಹೋದ ಒಂದೊಂದು ಪ್ರವಾಸದ ಕಥೆ ಹೇಳಬೇಕು, ಸುಮ್ನೆ ಕೂರುವಂತಿಲ್ಲ.

ಊಟಕ್ಕೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎಷ್ಟು ಜನ ಬರುತ್ತೀರಿ, ಬಸ್ಸೋ ರೈಲೋ, ಗುರುವಾರದೊಳಗೆ ತಿಳಿಸಿ.