ನಿಮ್ಮ ಡೈ ಸರಿ ಇದೆ, ಅದರ ಜೊತೆ ಕೊಡುವ ಚೀಟಿ ಸರಿ ಇಲ್ಲ

ಗೆ,
ಗ್ರಾಹಕ ಸೇವಾ ವಿಭಾಗದವರಿಗೆ

ವಿಷಯ: .308 ವಿಂಚೆಸ್ಟರ್ ರೀಸೈಜಿಂಗ್ ಡೈ ಜೊತೆ ಬರುವ ಸೂಚನೆ ಚೀಟಿಯ ಬಗ್ಗೆ ದೂರು

ನಮಸ್ಕಾರ,

ಇದರ ಇಂಗ್ಲಿಷ್ ಪ್ರತಿ ನಿಮ್ಮ ಮೇಲ್‌ಗೆ ಆಗಲೇ ಬಂದಿದೆ. ಕನ್ನಡದಲ್ಲೂ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಯಾಕಂದ್ರೆ ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನ ಮಾತು ಕೇಳಿಯೇ ಮೂರು ಜನ ಕನ್ನಡದ ಗೆಳೆಯರು ಇದೇ ಡೈ ತಗೊಂಡಿದ್ದಾರೆ. ಅವರಿಗೆ ನಾನೇ ಉತ್ತರ ಕೊಡಬೇಕು. ಗೊತ್ತಿಲ್ಲದವರಿಗೆ ಒಂದು ಮಾತು: .308 ವಿಂಚೆಸ್ಟರ್ ಒಂದು ರೈಫಲ್ ತೋಟಾ. ಅದರ ಹಿತ್ತಾಳೆ ಕೋಶವೇ ಕೇಸ್. ಹಾರಿಸಿದ ಕೇಸನ್ನು ಮತ್ತೆ ತುಂಬುವ ಮೊದಲು ಒತ್ತಿ ಅಳತೆಗೆ ತರುವ ಅಚ್ಚೇ ಈ ರೀಸೈಜಿಂಗ್ ಡೈ.

ಹೋದ ತಿಂಗಳು ರೇಂಜ್‌ನಲ್ಲಿ ನನ್ನ ಮಗ ಗುಂಡು ಹಾರಿಸಿದ. ಸದ್ದು ಮಾಮೂಲಿನಂತೆಯೇ ಇತ್ತು. ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚುವ ಭಾಗ) ಎಳೆದರೆ ಕೇಸ್‌ನ ಬುಡ ಮಾತ್ರ ಬಂತು, ಬೆರಳಿನ ಗೆಣ್ಣಷ್ಟು ಉದ್ದದ ಹಿತ್ತಾಳೆ ತುಂಡು. ಉಳಿದದ್ದು ಚೇಂಬರ್ ಒಳಗೇ, ಅಂದ್ರೆ ನಳಿಗೆಯಲ್ಲಿ ತೋಟಾ ಕೂರುವ ಜಾಗದಲ್ಲೇ, ಸಿಕ್ಕಿಕೊಂಡಿತ್ತು. ಅವನಿಗೆ ಹದಿನಾರು ವರ್ಷ. ಕಣ್ಣಿಗೆ ಕನ್ನಡಕ ಹಾಕಿದ್ದ, ಏನೂ ಆಗಲಿಲ್ಲ. ಆದರೆ ಆ ತೋಟಾ ತುಂಬಿದ್ದು ನಾನು, ನನ್ನ ಕೈಯಾರೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆ ಕೇಸ್ ಐದನೇ ಸಲ ತುಂಬಿದ್ದು. ಮನೆಗೆ ಬಂದು ಅದೇ ಡಬ್ಬಿಯ ಉಳಿದ ಕೇಸ್‌ಗಳನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಸುಮಾರಷ್ಟರಲ್ಲಿ ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ ಒಂದು ಹೊಳೆಯುವ ಗೆರೆ. ಪೇಪರ್ ಕ್ಲಿಪ್ ನೇರ ಮಾಡಿ, ತುದಿ ಬಗ್ಗಿಸಿ, ಒಳಗೆ ಬಿಟ್ಟು ಗೋಡೆಗೆ ಒತ್ತಿ ಎಳೆದೆ. ಗೆರೆ ಇದ್ದ ಜಾಗದಲ್ಲೇ ತಂತಿ ಟಕ್ ಅಂತ ಹಳ್ಳಕ್ಕೆ ಬಿತ್ತು. ಒಂದಲ್ಲ, ಹನ್ನೊಂದು ಕೇಸ್‌ನಲ್ಲಿ.

ಚಿಕ್ಕಮಗಳೂರಿನ ತೋಟದ ಮನೆಯಲ್ಲಿ ಬೆಳೆದವನು ನಾನು, ಅಪ್ಪನ ತೋಟಾ ಕೋವಿ ನೋಡಿಕೊಂಡೇ ದೊಡ್ಡವನಾದೆ. ಆಮೇಲೆ ಪೀಣ್ಯದಲ್ಲಿ ಏಳು ವರ್ಷ ಟೂಲ್ ರೂಮ್ ಕೆಲಸ. ಡೈ ಅಂದ್ರೆ ಏನು, ಥ್ರೆಡ್ ಅಂದ್ರೆ ಏನು, ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಅಂದ್ರೆ ಎಷ್ಟು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನಿಮ್ಮ ಚೀಟಿಯನ್ನು ನಂಬಿದೆ. ಕಂಪನಿಯವರು ಅಚ್ಚು ಹಾಕಿ ಕೊಟ್ಟಿದ್ದಾರೆ, ಯೋಚನೆ ಮಾಡಿಯೇ ಬರೆದಿರುತ್ತಾರೆ ಅಂತ.

ಚೀಟಿಯಲ್ಲಿ ಇರೋದು ಇಷ್ಟೇ. ರ್‍ಯಾಮ್ (ಪ್ರೆಸ್‌ನಲ್ಲಿ ಮೇಲೆ ಕೆಳಗೆ ಓಡಾಡುವ ದಂಡ) ಪೂರ್ತಿ ಮೇಲೆತ್ತಿ, ಅದರ ತುದಿಯಲ್ಲಿ ಕೇಸ್ ಹಿಡಿಯುವ ಶೆಲ್ ಹೋಲ್ಡರ್ ಮುಟ್ಟುವವರೆಗೆ ಡೈ ತಿರುಗಿಸಿ, ಇನ್ನೂ ಕಾಲು ಸುತ್ತು ಬಿಗಿ ಮಾಡಿ, ಡೈ ಅಲುಗದಂತೆ ಹಿಡಿಯುವ ಲಾಕ್ ರಿಂಗ್ ಹಾಕಿ. ಅಲ್ಲಿಗೆ ಮುಗಿಯಿತು. ಅಳತೆ ಮಾಡಿ ಅನ್ನುವ ಮಾತೇ ಇಲ್ಲ!

ಇದರಲ್ಲಿ ಏನಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಕಾರ್ಟ್ರಿಡ್ಜ್ ಬಂದದ್ದು 1952ರಲ್ಲಿ, ಅಂದಿನಿಂದ ಎಷ್ಟೋ ಕಂಪನಿಗಳು ಇದಕ್ಕೆ ರೈಫಲ್ ಮಾಡಿವೆ, ಎಲ್ಲಕ್ಕಿಂತ ಬಿಗಿ ಚೇಂಬರ್‌ನೊಳಗೂ ಕೇಸ್ ಕೂರಲಿ ಅಂತ ನೀವು ಡೈಯನ್ನು ಚಿಕ್ಕದಾಗಿ ಮಾಡುತ್ತೀರಿ. ಒಪ್ಪಿದೆ. ಆದರೆ ನನ್ನ ಚೇಂಬರ್ ಅಷ್ಟು ಬಿಗಿ ಇಲ್ಲ. ಚೀಟಿಯಂತೆ ಒತ್ತಿದರೆ ಕೇಸ್‌ನ ಭುಜ (ಮೈ ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರು) ಬೇಕಾದ್ದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಆ ತೋಟಾ ಹಾಕಿ ಟ್ರಿಗರ್ ಎಳೆದಾಗ ಪಿನ್ ಕೇಸನ್ನು ಮುಂದಕ್ಕೆ ತಳ್ಳುತ್ತದೆ, ಒತ್ತಡಕ್ಕೆ ಮುಂದಿನ ತೆಳು ಗೋಡೆ ಉಬ್ಬಿ ಚೇಂಬರ್‌ಗೆ ಅಂಟಿಕೊಳ್ಳುತ್ತದೆ, ದಪ್ಪ ಬುಡ ಮಾತ್ರ ಬೋಲ್ಟ್ ಸಿಗುವವರೆಗೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಡುವೆ ಹಿತ್ತಾಳೆ ಹಿಗ್ಗುತ್ತದೆ. ಮತ್ತೆ ಡೈಗೆ ಹಾಕಿ ಭುಜ ಒತ್ತಿದರೆ, ಮತ್ತೆ ಅದೇ ಜಾಗ ಹಿಗ್ಗುತ್ತದೆ. ಐದು ಸಲಕ್ಕೆ ಹರಿಯಿತು.

ಬುಡದಿಂದ ಭುಜದವರೆಗಿನ ಉದ್ದ ಅಳೆಯುವ ಕಂಪ್ಯಾರೇಟರ್ ತಂದು ಅಳೆದೆ. ಹಾರಿಸಿದ ಕೇಸ್‌ನ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಟೋಪಿ) ತೆಗೆದು ಬುಡದಿಂದ ಭುಜಕ್ಕೆ ಒಂದು ಅಳತೆ, ಚೀಟಿಯಂತೆ ಸೈಜ್ ಮಾಡಿದ ಮೇಲೆ ಇನ್ನೊಂದು. ವ್ಯತ್ಯಾಸ 7 ಥೌ. ಬೋಲ್ಟ್ ರೈಫಲ್‌ಗೆ ಬೇಕಿರೋದು 1 ಅಥವಾ 2.

ನಿಮಗೆ ಫೋನ್ ಮಾಡಿದಾಗ ಬಂದ ಉತ್ತರ, "ನಮ್ಮ ಡೈ ಅಳತೆಯಲ್ಲೇ ಇದೆ, ನಿಮ್ಮ ರೈಫಲ್ ಹೆಡ್‌ಸ್ಪೇಸ್ ತೋರಿಸಿಕೊಳ್ಳಿ." ಹೆಡ್‌ಸ್ಪೇಸ್ ಅಂದ್ರೆ ಮುಚ್ಚಿದ ಬೋಲ್ಟ್‌ನಿಂದ ಚೇಂಬರ್‌ನಲ್ಲಿ ಭುಜ ಕೂರುವ ಜಾಗದವರೆಗಿನ ಅಂತರ. ತೋರಿಸಿದೆ. ಗನ್‌ಸ್ಮಿತ್ ಸಿಕ್ಕಿಕೊಂಡ ತುಂಡು ತೆಗೆದುಕೊಟ್ಟು ಗೇಜ್ ಹಾಕಿ ನೋಡಿದರು. 1.630 ಇಂಚಿನ ಗೋ ಗೇಜ್ (ಕನಿಷ್ಠ ಅಳತೆ) ಮೇಲೆ ಬೋಲ್ಟ್ ಮುಚ್ಚುತ್ತದೆ, 1.634ರ ನೋ-ಗೋ (ಮೀರಬಾರದ ಅಳತೆ) ಮೇಲೆ ಮುಚ್ಚುವುದಿಲ್ಲ. ರೈಫಲ್‌ಗೆ ಏನೂ ಆಗಿಲ್ಲ ಅಂದರು. ನಿಮ್ಮ ಡೈಗೂ ಏನೂ ಆಗಿಲ್ಲ. ಎರಡನ್ನೂ ಜೋಡಿಸುವ ಮಾತನ್ನೇ ನೀವು ಚೀಟಿಯಲ್ಲಿ ಬಿಟ್ಟಿದ್ದೀರಿ.

ಡೈಯ ಥ್ರೆಡ್ ಇಂಚಿಗೆ 14. ಒಂದು ಸುತ್ತು ಅಂದ್ರೆ 71 ಥೌ, ಕಾಲು ಸುತ್ತು ಅಂದ್ರೆ ಸುಮಾರು 18. ನನಗೆ ಬೇಕಿರೋ 2 ಥೌಗೆ ಡೈ ತಿರುಗಬೇಕಾದ್ದು ಬರೀ 10 ಡಿಗ್ರಿ, ಗಡಿಯಾರದ ನಿಮಿಷದ ಮುಳ್ಳು ಎರಡು ಗೆರೆ ದಾಟುವುದಕ್ಕಿಂತ ಸ್ವಲ್ಪ ಕಮ್ಮಿ. ಇಷ್ಟು ನಾಜೂಕಿನ ಕೆಲಸಕ್ಕೆ "ಇನ್ನೂ ಕಾಲು ಸುತ್ತು" ಅಂತ ಬರೆಯುವುದು ಯಾವ ಲೆಕ್ಕ?

ಈಗ ನಾನು ಮಾಡುವುದು ಹೀಗೆ. ಡೈಯನ್ನು ಶೆಲ್ ಹೋಲ್ಡರ್‌ನಿಂದ ಒಂದು ನಾಣ್ಯದ ದಪ್ಪದಷ್ಟು ಮೇಲೆ ಬಿಟ್ಟು, ಎಣ್ಣೆ ಸವರಿದ ಕೇಸ್ ಸೈಜ್ ಮಾಡಿ ಅಳೆಯುತ್ತೇನೆ. ಮೊದಮೊದಲು ಅಳತೆ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ. ಡೈ ಮೈಯನ್ನು ಹಿಂಡುತ್ತದೆ, ಭುಜವನ್ನು ಇನ್ನೂ ಮುಟ್ಟಿರುವುದಿಲ್ಲ, ಹಿತ್ತಾಳೆ ಹೋಗಲು ಬೇರೆ ದಾರಿ ಇಲ್ಲದೆ ಮೇಲಕ್ಕೆ ಏರುತ್ತದೆ. ಆ ಕೇಸ್ ಹಾಕಿದರೆ ಬೋಲ್ಟ್ ಮುಚ್ಚಲು ಒದ್ದಾಡುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಡೈಯನ್ನು ಕಾಲು ಸುತ್ತು ತಿರುಗಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಚೂರು ಚೂರೇ ಇಳಿಸಬೇಕು, ಪ್ರತಿ ಸಲ ಅಳೆಯಬೇಕು, ಹಾರಿಸಿದ ಕೇಸ್‌ಗಿಂತ 2 ಥೌ ಕಮ್ಮಿ ಬಂದ ಕೂಡಲೇ ನಿಲ್ಲಿಸಬೇಕು. ನಿಮ್ಮ ಚೀಟಿಯ ಹಿಂದಿನ ಪುಟ ಪೂರ್ತಿ ಖಾಲಿ ಇದೆಯಲ್ವಾ, ಇಷ್ಟನ್ನು ಅಲ್ಲಿ ಬರೆಯಬಹುದಿತ್ತು.

ಲಾಕ್ ರಿಂಗ್ ಬಗ್ಗೆಯೂ ಒಂದು ಮಾತು. ಅದರ ಸಣ್ಣ ಸ್ಕ್ರೂ ನೇರವಾಗಿ ಡೈಯ ಥ್ರೆಡ್‌ಗೇ ಕಚ್ಚುತ್ತದೆ. ನನ್ನ ಡೈ ಮೇಲೆ ಆಗಲೇ ಮೂರು ಗಾಯ. ಸ್ಕ್ರೂ ಬಿಗಿ ಮಾಡುವಾಗ ಹಳೆಯ ಗಾಯಕ್ಕೇ ಜಾರಿ ರಿಂಗ್ ಸರಿಯುತ್ತದೆ, ಕಷ್ಟಪಟ್ಟು ಹಿಡಿದ 10 ಡಿಗ್ರಿ ಅಲ್ಲೇ ಹೋಯಿತು. ಸ್ಕ್ರೂ ಮತ್ತು ಥ್ರೆಡ್ ನಡುವೆ ಒಂದು ಸೀಸದ ಕಾಳು ಹಾಕಿಕೊಂಡೆ, ಸರಿಹೋಯಿತು. ಇದನ್ನು ನೀವೇ ಹಾಕಿ ಕಳಿಸಬಹುದಲ್ಲ?

ನನಗೆ ದುಡ್ಡು ವಾಪಸ್ ಬೇಡ. ಕೂಪನ್ ಕಳಿಸುತ್ತೇವೆ ಅಂದಿರಿ, ಅದೂ ಬೇಡ. ಚೀಟಿ ಬದಲಿಸಿ. "ಮೊದಲು ನಿಮ್ಮ ರೈಫಲ್‌ನಲ್ಲಿ ಹಾರಿಸಿದ ಕೇಸ್ ಅಳೆಯಿರಿ" ಅನ್ನುವುದು ಮೊದಲನೇ ಸಾಲಾಗಲಿ. ಹೊಳೆಯುವ ಗೆರೆಯ ಒಂದು ಫೋಟೋ ಹಾಕಿ, ತಂತಿ ಬಿಟ್ಟು ನೋಡುವುದನ್ನು ಬರೆಯಿರಿ. ಹೊಸ ಚೀಟಿ ಬರುವ ತನಕ ಇದನ್ನು ನಿಮ್ಮ ಸೈಟ್‌ನಲ್ಲಿ ಹಾಕಿ. ಮತ್ತೆ ನನಗೆ ಉತ್ತರ ಬರೆಯುವವರು ಸ್ವತಃ ಡೈ ಕೂರಿಸಿ ಗೊತ್ತಿರುವವರಾಗಿರಲಿ, ದಯವಿಟ್ಟು.

ಹರಿದ ಕೇಸ್‌ನ ಎರಡೂ ತುಂಡುಗಳನ್ನು ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಬುಡದ ತುಂಡಿನ ಅಂಚನ್ನು ಹುಷಾರಾಗಿ ಮುಟ್ಟಿ ನೋಡಿ, ಒಂದು ಕಡೆ ಬ್ಲೇಡಿನಷ್ಟು ತೆಳ್ಳಗಾಗಿದೆ.

ಇಂತಿ,
ನಿಮ್ಮ ಗ್ರಾಹಕ
ಸ್ಯಾನ್ ಆಂಟೋನಿಯೋ, ಟೆಕ್ಸಾಸ್