ಅಕ್ಕನಿಗೆ ಪ್ರೆಸ್ಟನ್ನಿನಿಂದ: ಗೈಡ್ಸ್ ಬೇಡ ಅನ್ನುವ ಮೊದಲು ಇದನ್ನು ಓದು

ಪ್ರೆಸ್ಟನ್, ಲ್ಯಾಂಕಾಶೈರ್
ನವೆಂಬರ್ ಕೊನೆಯ ವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ? ಚಳಿಗಾಲ ಶುರುವಾದರೆ ಅವಳಿಗೆ ಜಾಸ್ತಿ ಆಗುತ್ತದೆ, ಬೆಳಿಗ್ಗೆ ಬೇಗ ಎದ್ದು ಹೊರಗೆ ಓಡಾಡಬೇಡ ಅಂತ ಹೇಳು. ಭಾವನವರಿಗೆ ನಮಸ್ಕಾರ ತಿಳಿಸು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದುಬಿಟ್ಟಿದೆ. ಹೆಡ್ ಮೇಷ್ಟ್ರು ಶಾಲೆಯ ಗೈಡ್ಸ್ ದಳವನ್ನು ನಿನಗೆ ವಹಿಸುತ್ತೇನೆ ಅಂದರು, ಬಿಸಿಯೂಟದ ಲೆಕ್ಕ, ಕಂಪ್ಯೂಟರಿನಲ್ಲಿ ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಎಂಟ್ರಿ, ಗಣತಿ ಇವುಗಳ ಮೇಲೆ ಇದೊಂದು ಬೇರೆ ಯಾಕೆ ಅಂತ ನೀನು ಬೇಸರ ಮಾಡಿಕೊಂಡೆ. ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಕಾಗದ. ನೀನು ಬೇಡ ಅನ್ನಬಾರದು ಅಂತ ನನಗೆ ಆಸೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಪುಟ್ಟಿ ಇಲ್ಲಿ ಗೈಡ್ಸ್ ಸೇರಿದ್ದಾಳೆ ಅಂತ ಗೊತ್ತಲ್ಲ. ಗರ್ಲ್‌ಗೈಡಿಂಗ್ ಅಂತ ಇಲ್ಲಿನ ಸಂಸ್ಥೆಯ ಹೆಸರು. 4ರಿಂದ 7 ವರ್ಷದವರು ರೇನ್‌ಬೋಸ್, 7ರಿಂದ 10ರವರು ಬ್ರೌನೀಸ್, 10ರಿಂದ 14ರವರು ಗೈಡ್ಸ್, ಆಮೇಲೆ 18ರವರೆಗೆ ರೇಂಜರ್ಸ್. ನಿಮ್ಮ ಬುಲ್‌ಬುಲ್, ಗೈಡ್, ರೇಂಜರ್ ಇದ್ದ ಹಾಗೇ. ಬೇರು ಒಂದೇ ಅಲ್ವಾ. ವಾರಕ್ಕೊಂದು ಸಂಜೆ ನಮ್ಮ ಮನೆ ಹತ್ತಿರದ ಚರ್ಚಿನ ಹಾಲಿನಲ್ಲಿ ಸೇರುತ್ತಾರೆ. ಚರ್ಚ್ ಅಂದ ಕೂಡಲೇ ಅಮ್ಮ ಗಾಬರಿಯಾಗಿದ್ದಳು. ಅವಳಿಗೆ ಹೇಳು, ಹಾಲ್ ಮಾತ್ರ ಚರ್ಚಿನದು. ದೇವರನ್ನು ಪ್ರೀತಿಸುತ್ತೇನೆ ಅನ್ನುವ ಮಾತು ಇಲ್ಲಿನ ಪ್ರತಿಜ್ಞೆಯಲ್ಲಿ ಮೊದಲು ಇತ್ತು. 2013ರಲ್ಲಿ ಅದನ್ನು ಬದಲಾಯಿಸಿದರು. ಈಗ ನನಗೆ ನಾನು ಸತ್ಯವಾಗಿರುತ್ತೇನೆ, ನನ್ನ ನಂಬಿಕೆಗಳನ್ನು ಬೆಳೆಸಿಕೊಳ್ಳುತ್ತೇನೆ ಅಂತ ಹೇಳುತ್ತಾರೆ. ಪುಟ್ಟಿಯ ಜೊತೆ ಗುಜರಾತಿ ಹುಡುಗಿಯರಿದ್ದಾರೆ, ತಲೆಗೆ ಹಿಜಾಬ್ ಕಟ್ಟಿದವರಿದ್ದಾರೆ, ಯಾವ ದೇವರನ್ನೂ ನಂಬದ ಮನೆಯ ಮಕ್ಕಳೂ ಇದ್ದಾರೆ. ಎಲ್ಲರೂ ಒಂದೇ ಪ್ರತಿಜ್ಞೆ ಮಾಡುತ್ತಾರೆ.

ನಾನೂ ಈಗ ಅಲ್ಲಿ ಸಹಾಯಕ್ಕೆ ಹೋಗುತ್ತೇನೆ. ಇಲ್ಲಿ ಇದನ್ನು ನಡೆಸುವವರು ಟೀಚರುಗಳಲ್ಲ, ಅಕ್ಕಪಕ್ಕದ ಹೆಂಗಸರು. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್, ಒಬ್ಬರು ಅಂಗಡಿಯಲ್ಲಿ ಬಿಲ್ ಹಾಕುವವರು, ಇನ್ನೊಬ್ಬರು ರಿಟೈರ್ ಆಗಿ ಮೊಮ್ಮಕ್ಕಳನ್ನು ಕಂಡವರು. ಯಾರಿಗೂ ಒಂದು ಪೈಸೆ ಸಂಬಳ ಇಲ್ಲ. ಆದರೆ ನಿಯಮ ಬಿಗಿ. ಸೇರುವ ಮೊದಲು ಸರ್ಕಾರದ ಕಡೆಯಿಂದ ನಮ್ಮ ಹಿನ್ನೆಲೆ ತಪಾಸಣೆ ಆಗಬೇಕು. ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಬೇಕು. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಇರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಹೀಗಾಗಿ ದೊಡ್ಡವರು ಸಿಗದಿದ್ದರೆ ಮಕ್ಕಳನ್ನು ಸೇರಿಸಿಕೊಳ್ಳುವ ಹಾಗಿಲ್ಲ. ದೇಶದ ಎಷ್ಟೋ ಕಡೆ ಹೆಸರು ಬರೆಸಿ ಕಾಯುತ್ತಿರುವ ಮಕ್ಕಳ ಪಟ್ಟಿ ಉದ್ದ ಇದೆ. ನಿಮ್ಮಲ್ಲಿ ಶಾಲೆ ಇದೆ, ಮಕ್ಕಳು ಇದ್ದಾರೆ, ನಡೆಸಲು ನೀನಿದ್ದೀಯ. ನನಗೆ ಅದು ದೊಡ್ಡ ಭಾಗ್ಯವಾಗಿ ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾವು ಶಾಲೆಯಲ್ಲಿದ್ದಾಗ ಗೈಡ್ಸ್ ಅಂದರೆ ಏನಿತ್ತು ಹೇಳು? ಆಗಸ್ಟ್ 15ಕ್ಕೆ ಪರೇಡ್. ಅತಿಥಿಗಳು ಬಂದರೆ ಬಾಗಿಲಲ್ಲಿ ಎರಡು ಸಾಲು ನಿಂತು ಗುಲಾಬಿ ಕೊಡುವುದು. ಬಿಸಿಲಲ್ಲಿ ಸಚಿವರಿಗೆ ಕಾದು ಕಾದು ನಮ್ಮ ತರಗತಿಯ ಹುಡುಗಿ ತಲೆ ತಿರುಗಿ ಬಿದ್ದಳಲ್ಲ, ನೆನಪಿದೆಯಾ? ಅದನ್ನೂ ಸೇವೆ ಅಂತಲೇ ಕರೆದರು. ಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇಲ್ಲಿ ನನಗೆ ಕಂಡ ವ್ಯತ್ಯಾಸ ಅದೊಂದೇ: ಕೇಳುತ್ತಾರೆ. ಏನು ಕೆಲಸ ಮಾಡೋಣ ಅಂತ ಮಕ್ಕಳನ್ನೇ ಕೇಳುತ್ತಾರೆ, ಕೇಳಿದ ಮೇಲೆ ಅವರು ಹೇಳಿದ್ದನ್ನು ಮಾಡುತ್ತಾರೆ.

ಒಂದು ಸಂಗತಿ ಹೇಳುತ್ತೇನೆ. ಇಲ್ಲಿ ಫುಡ್ ಬ್ಯಾಂಕ್ ಅಂತ ಇರುತ್ತವೆ. ಕೈಯಲ್ಲಿ ಕಾಸಿಲ್ಲದೆ ಮನೆಯಲ್ಲಿ ಅಡುಗೆಗೆ ಏನೂ ಇಲ್ಲದವರಿಗೆ ಕೆಲವು ದಿನಗಳ ದಿನಸಿ ಕಟ್ಟಿಕೊಡುವ ಜಾಗ. ಡಾಕ್ಟರೋ ಶಾಲೆಯವರೋ ಚೀಟಿ ಬರೆದುಕೊಡುತ್ತಾರೆ, ಅದನ್ನು ತೋರಿಸಿದರೆ ದಿನಸಿ ಸಿಗುತ್ತದೆ. ಇಂಗ್ಲೆಂಡಿನಲ್ಲೂ ಹಸಿವು ಇದೆಯಾ ಅಂತ ಅಮ್ಮ ಕೇಳುತ್ತಾಳೆ. ಇದೆ ಅಕ್ಕ. ಟ್ರಸೆಲ್ ಅನ್ನುವ ಒಂದೇ ಸಂಸ್ಥೆಯ ಜಾಲದಿಂದ 2023-24ರಲ್ಲಿ 31 ಲಕ್ಷ ಪೊಟ್ಟಣ ಹೋಗಿವೆ. 2000ನೇ ಇಸವಿಯಲ್ಲಿ ಸಾಲ್ಸ್‌ಬರಿ ಅನ್ನುವ ಊರಿನಲ್ಲಿ ಒಂದು ಫುಡ್ ಬ್ಯಾಂಕಿನಿಂದ ಶುರುವಾದದ್ದು.

ಕ್ರಿಸ್‌ಮಸ್ ಹತ್ತಿರ ಬಂತಲ್ಲ, ನಮ್ಮ ಗೈಡ್ಸ್ ಮಕ್ಕಳು ಮನೆಯಲ್ಲಿ ಒಂದು ಡಬ್ಬ ಇಟ್ಟುಕೊಂಡು ದಿನಕ್ಕೊಂದು ಸಾಮಾನು ಅದರಲ್ಲಿ ಹಾಕುತ್ತಾರೆ. ಬೀನ್ಸ್ ಡಬ್ಬಿ, ಪಾಸ್ಟಾ, ಚಹಾಪುಡಿ, ಕೆಡದ ಹಾಲಿನ ಪ್ಯಾಕೆಟ್ಟು, ಹೀಗೆ. ತುಂಬಿದ ಡಬ್ಬಗಳನ್ನು ತೆಗೆದುಕೊಂಡು ಒಂದು ಸಂಜೆ ಫುಡ್ ಬ್ಯಾಂಕಿನ ಗೋದಾಮಿಗೆ ಹೋದೆವು. ಬಂದ ಸಾಮಾನನ್ನು ಮೊದಲು ತೂಕ ಮಾಡುತ್ತಾರೆ. ಆಮೇಲೆ ಒಂದೊಂದು ಡಬ್ಬಿಯನ್ನೂ ತಿರುಗಿಸಿ ತಾರೀಖು ಹುಡುಕಬೇಕು. ತಾರೀಖು ಸಣ್ಣ ಅಕ್ಷರದಲ್ಲಿ ಎಲ್ಲೋ ತಳದಲ್ಲಿ ಇರುತ್ತದೆ. ಅದನ್ನು ದಪ್ಪ ಮಾರ್ಕರಿನಿಂದ ಮೇಲೆ ದೊಡ್ಡದಾಗಿ ಬರೆದು, ಬೇಗ ಮುಗಿಯುವುದನ್ನು ಮುಂದೆ, ತಡವಾಗಿ ಮುಗಿಯುವುದನ್ನು ಹಿಂದೆ ಜೋಡಿಸಬೇಕು. ಪುಟ್ಟಿಯ ಕೈತುಂಬ ಕಪ್ಪು ಮಸಿ. ಎಷ್ಟು ಶ್ರದ್ಧೆಯಿಂದ ಮಾಡಿದಳು ಗೊತ್ತಾ! ಮನೆಯಲ್ಲಿ ತನ್ನ ತಟ್ಟೆ ಎತ್ತಿಡು ಅಂದರೆ ಗೊಣಗುವ ಮಗು.

ಹಾಗೆ ಜೋಡಿಸುವಾಗ ಪುಟ್ಟಿಯ ಪ್ಯಾಟ್ರೋಲಿನ, ಅಂದರೆ ಅವಳ ಸಣ್ಣ ಗುಂಪಿನ, ಒಬ್ಬ ಹುಡುಗಿ ಕಪಾಟುಗಳನ್ನೆಲ್ಲ ನೋಡಿ, ಇಲ್ಲಿ ಪ್ಯಾಡ್ ಯಾಕೆ ಇಲ್ಲ ಅಂತ ಕೇಳಿದಳು. ಅಲ್ಲಿದ್ದ ದೊಡ್ಡವರು ಒಂದು ಕ್ಷಣ ಸುಮ್ಮನಾದರು. ಊಟಕ್ಕೆ ದುಡ್ಡಿಲ್ಲದವರಿಗೆ ಪ್ಯಾಡಿಗೆ ಎಲ್ಲಿಂದ ಬರುತ್ತದೆ, ಆ ಮನೆಯ ಹುಡುಗಿಯರು ಶಾಲೆಗೆ ಹೇಗೆ ಹೋಗುತ್ತಾರೆ ಅಂತ ಅವಳ ಪ್ರಶ್ನೆ. ಆಗೊಮ್ಮೆ ಈಗೊಮ್ಮೆ ಬರುತ್ತವೆ, ಬಂದ ಕೂಡಲೇ ಖಾಲಿ ಆಗುತ್ತವೆ ಅಂತ ಗೋದಾಮಿನವರು ಹೇಳಿದರು. ಮುಂದಿನ ವಾರ ಹಾಲಿನಲ್ಲಿ ನಾಲ್ಕೂ ಪ್ಯಾಟ್ರೋಲುಗಳು ಬೇರೆ ಬೇರೆ ಮೂಲೆಯಲ್ಲಿ ಕೂತು ಚರ್ಚೆ ಮಾಡಿದವು. ಲೀಡರ್ ಒಂದು ಮಾತೂ ನಡುವೆ ಹಾಕಲಿಲ್ಲ. ನನಗೆ ಬಾಯಿ ತಡೆಯುವುದು ಕಷ್ಟವಾಯಿತು. ಕೊನೆಗೆ ಜನವರಿಯಿಂದ ಪ್ಯಾಡ್ ಮಾತ್ರ ಸಂಗ್ರಹಿಸುವುದು ಅಂತ ಅವರೇ ತೀರ್ಮಾನ ಮಾಡಿದರು. ಪೋಸ್ಟರ್ ಯಾರು ಬರೆಯಬೇಕು, ಯಾವ ಅಂಗಡಿಯಲ್ಲಿ ಡಬ್ಬ ಇಡಲು ಕೇಳಬೇಕು, ಹೋಗಿ ಮಾತಾಡುವವರು ಯಾರು, ಎಲ್ಲ ಅವರೇ ಹಂಚಿಕೊಂಡರು. ಅಪ್ಪಂದಿರ ಎದುರು ಆ ಪದ ಹೇಳಲು ನಾವು ಎಷ್ಟು ನಾಚುತ್ತಿದ್ದೆವು ಅಕ್ಕ! ಈ ಮಕ್ಕಳು ಅಂಗಡಿಯ ಮ್ಯಾನೇಜರ್ ಮುಂದೆ ನಿಂತು ನೇರವಾಗಿ ಕೇಳುತ್ತಾರೆ. ಪುಟ್ಟಿ ಅಭ್ಯಾಸಕ್ಕೆ ಅಂತ ಮೊದಲು ಅವಳ ಅಪ್ಪನ ಮುಂದೆ ನಿಂತು ಹೇಳಿದಳು. ಇವರು ಗಂಭೀರವಾಗಿ ಕೂತು ಪೂರ್ತಿ ಕೇಳಿದರು.

ಇನ್ನೊಂದು ಸಂತೋಷದ ವಿಷಯ. ಈ ತಿಂಗಳ ಎರಡನೇ ಭಾನುವಾರ ಇಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಪ್ರೆಸ್ಟನ್ನಿನ ನಡು ಊರಿನ ದೊಡ್ಡ ಚೌಕದಲ್ಲಿ ಎತ್ತರದ ಸ್ಮಾರಕ ಇದೆ. ದೇಶದ ಎಷ್ಟೋ ಊರುಗಳಲ್ಲಿ ಅಂದು ಗೈಡ್ಸ್, ಬ್ರೌನೀಸ್, ಸ್ಕೌಟ್ಸ್ ಮಕ್ಕಳು ಬಾವುಟ ಹಿಡಿದು ಬರುತ್ತಾರೆ, ಕೆಂಪು ಪಾಪಿ ಹೂವಿನ ಹಾರ ಇಡುತ್ತಾರೆ. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ಅದರ ಹಿಂದಿನ ವಾರ ಪುಟ್ಟಿ ಅಪ್ಪನಿಂದ ಕೇಳಿ ತಿಳಿದುಕೊಂಡು ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹಾಲಿನಲ್ಲಿ ಮಾತಾಡಿದಳು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರಿನ ಸವಾರರು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದದ್ದು, ಮೆಷಿನ್ ಗನ್ ಇದ್ದ ಕಡೆಗೆ ಕುದುರೆ ಮೇಲೆ ನುಗ್ಗಿದ್ದು, ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು ಅನ್ನುವುದು, ಎಲ್ಲ ಹೇಳಿದಳು. ಮಕ್ಕಳಷ್ಟೇ ಅಲ್ಲ, ಲೀಡರುಗಳಿಗೂ ಅದು ಹೊಸ ವಿಷಯ. ಈ ಊರಿನಲ್ಲಿ ತಾನೂ ಒಬ್ಬಳು ಅಂತ ಅವಳಿಗೆ ಅನ್ನಿಸಿದ್ದು ಆ ದಿನ ಅಂತ ನಾನು ತಿಳಿದಿದ್ದೇನೆ. ಅಲ್ಲಿಂದ ಮುಂದೆ ಅವಳ ನಡಿಗೆಯೇ ಬೇರೆ.

ಹಳೆಯ ಗೈಡ್ಸ್ ಕಥೆಗಳನ್ನೂ ಇಲ್ಲಿ ಮಕ್ಕಳಿಗೆ ಹೇಳುತ್ತಾರೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ಮೇಳ ನಡೆಯುತ್ತಿತ್ತಂತೆ. ಯಾರೂ ಕರೆಯದಿದ್ದರೂ ಒಂದಷ್ಟು ಹುಡುಗಿಯರು ಬಂದು, ನಮಗೂ ಏನಾದರೂ ಬೇಕು ಅಂತ ನಿಂತರು. ಮಾರನೆಯ ವರ್ಷ, ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್ ಕೈಯಲ್ಲಿ ಗೈಡ್ಸ್ ಶುರು ಮಾಡಿಸಿದ. ಅಂದರೆ ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ, ಹುಡುಗಿಯರು ಕೇಳಿ ಪಡೆದದ್ದು. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಗೈಡ್ಸ್ ಮಕ್ಕಳು ತಮ್ಮ ಪುಡಿಗಾಸು, ಅರ್ಧ ದಿನದ ಸಂಪಾದನೆ ಎಲ್ಲ ಕೂಡಿಸಿ ಸುಮಾರು 50 ಸಾವಿರ ಪೌಂಡ್ ಎತ್ತಿದರು. ಅದರಲ್ಲಿ ಗಾಯಾಳುಗಳನ್ನು ಸಾಗಿಸುವ ವಿಮಾನಗಳು, ಜೊತೆಗೆ ಒಂದು ಜೀವರಕ್ಷಕ ದೋಣಿ ಬಂತು. ಆ ದೋಣಿ ಫ್ರಾನ್ಸಿನ ಡನ್‌ಕರ್ಕಿನಿಂದ ಸೈನಿಕರನ್ನು ಕರೆತರಲು ಹೋಗಿತ್ತು. ಈ ಕಥೆಯನ್ನು ನಿನ್ನ ಮಕ್ಕಳಿಗೆ ಹೇಳು, ಪುಡಿಗಾಸಿನ ಬೆಲೆ ಗೊತ್ತಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಇಲ್ಲಿಂದ ಸ್ವಲ್ಪ ದೂರದ ಕ್ಲಿದರೋ ಹತ್ತಿರ ವಾಡೋ ಹಾಲ್ ಅಂತ ಗೈಡ್ಸ್‌ನವರ ಹಳೆಯ ಶಿಬಿರದ ಜಾಗ ಇತ್ತು. ಖರ್ಚು ತೂಗಿಸಲು ಆಗದೆ ಅಂಥ ಐದು ಕೇಂದ್ರಗಳನ್ನು ಮಾರುತ್ತೇವೆ ಅಂತ 2023ರಲ್ಲಿ ಸಂಸ್ಥೆ ಹೇಳಿತು. ನಮ್ಮ ರಿಟೈರ್ಡ್ ಲೀಡರ್ ಹುಡುಗಿಯಾಗಿದ್ದಾಗ ಅಲ್ಲಿ ಟೆಂಟ್ ಹಾಕಿದವರು. ಅದರ ಮಾತು ಬಂದರೆ ಈಗಲೂ ಅವರ ಕಣ್ಣು ತುಂಬುತ್ತದೆ. ನಿಮ್ಮ ದೊಡ್ಡಬಳ್ಳಾಪುರ, ಕೊಂಡಜ್ಜಿ ಶಿಬಿರದ ಜಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಅಂತ ನನಗೆ ಆಗ ಅನ್ನಿಸಿತು.

ನೀನು ಏನು ಮಾಡಬಹುದು ಅಂತ ನಾನು ಇಲ್ಲಿ ಕೂತು ಹೇಳುವುದು ಸುಲಭ. ಆದರೂ ತಂಗಿ ಅನ್ನುವ ಸಲುಗೆಯಿಂದ ಹೇಳುತ್ತೇನೆ. ಪ್ಯಾಟ್ರೋಲ್ ಪದ್ಧತಿ, ಪ್ಯಾಟ್ರೋಲ್ ಲೀಡರುಗಳು ಕೂತು ತೀರ್ಮಾನಿಸುವ ಕೋರ್ಟ್ ಆಫ್ ಆನರ್ ಎಲ್ಲ ನಿಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಕೈಪಿಡಿಯಲ್ಲೇ ಇದೆ. ಅದು ಪರೀಕ್ಷೆಯಲ್ಲಿ ಬರೆಯಲು ಇರುವ ಪಾಠ ಅಲ್ಲ. ಪ್ಯಾಟ್ರೋಲ್ ಲೀಡರ್ ಮಕ್ಕಳನ್ನು ಕೂರಿಸಿಕೊಂಡು, ನಮ್ಮ ಊರಿನಲ್ಲಿ ಏನು ಸರಿ ಇಲ್ಲ ಅಂತ ಕೇಳು. ಶೌಚಾಲಯಕ್ಕೆ ನೀರಿಲ್ಲ ಅನ್ನಬಹುದು. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಸರಿಯಾಗಿ ಕೈಗೆ ಸಿಗುವುದಿಲ್ಲ ಅನ್ನಬಹುದು. ಕೆರೆ ಏರಿಯ ಮೇಲೆ ಬಾಟಲಿ ಒಡೆದು ಹಾಕುತ್ತಾರೆ, ಒಬ್ಬಳೇ ಇರುವ ಅಜ್ಜಿಗೆ ಮಾತ್ರೆ ತಂದುಕೊಡುವವರಿಲ್ಲ, ಏನು ಬೇಕಾದರೂ ಹೇಳಬಹುದು. ಸಾಗರದ ಮಾರಿಕಾಂಬಾ ಜಾತ್ರೆ ಬಂದಾಗ ನೀರು ಹಂಚುವುದು ಹೇಗೂ ಇದೆ. ಕಳೆದುಹೋದ ಮಕ್ಕಳನ್ನು ಕೂರಿಸಿಕೊಂಡು ಮನೆಯವರನ್ನು ಹುಡುಕಿಕೊಡುವ ಕೆಲಸವನ್ನೂ ಅವರು ಕೇಳಬಹುದು. ಅವರು ಯಾವುದನ್ನು ಆರಿಸಿದರೂ ಅದನ್ನೇ ಮಾಡಿಸು. ಸಣ್ಣದಾದರೂ ಪರವಾಗಿಲ್ಲ. ಹೊರಗೆ ಕರೆದುಕೊಂಡು ಹೋಗುವಾಗ ಮನೆಯವರಿಂದ ಬರೆಸಿಕೋ, ಇನ್ನೊಬ್ಬ ಹೆಂಗಸು ಜೊತೆಗಿರಲಿ. ಸ್ತ್ರೀಶಕ್ತಿ ಸಂಘದಲ್ಲಿ ಕೇಳಿದರೆ ಯಾರಾದರೂ ಬಂದೇ ಬರುತ್ತಾರೆ. ಸೋಪಾನ, ಪುರಸ್ಕಾರ ಅನ್ನುವ ಗೈಡ್ಸ್ ಹಂತಗಳ ಸರ್ಟಿಫಿಕೇಟು ಆಮೇಲೆ ತಾನಾಗಿ ಬರುತ್ತದೆ. ಅತಿಥಿಗಳ ಸ್ವಾಗತಕ್ಕೆ ಮಕ್ಕಳನ್ನು ಕಳಿಸಿ ಅಂದರೆ ಮಾತ್ರ, ಬಿಸಿಲಲ್ಲಿ ನಿಲ್ಲಿಸುವುದಿಲ್ಲ ಅಂತ ಖಡಕ್ಕಾಗಿ ಹೇಳು. ಹಾಗೆ ಹೇಳುವ ಧೈರ್ಯ ಇರುವವಳು ಅಲ್ಲಿ ನೀನೊಬ್ಬಳೇ ಅಂತ ನನಗೆ ಗೊತ್ತು.

ಫೆಬ್ರವರಿ 22 ನಿಮಗೂ ನಮಗೂ ಒಂದೇ ಹಬ್ಬ, ಎಲ್ಲ ದೇಶದ ಗೈಡ್ಸ್ ಆಚರಿಸುವ ಚಿಂತನಾ ದಿನ. ಅಂದು ಇಲ್ಲಿಯ ಮಕ್ಕಳು ಬೇರೆ ದೇಶದ ಗೈಡ್ಸ್ ಬಗ್ಗೆ ತಿಳಿದುಕೊಳ್ಳುತ್ತಾರೆ, ಪುಡಿಗಾಸು ಕೂಡಿಸಿ ಕಳಿಸುತ್ತಾರೆ. ಪುಣೆಯಲ್ಲಿ ಗೈಡ್ಸ್‌ಗಾಗಿ 1966ರಲ್ಲಿ ಶುರುವಾದ ಸಂಗಮ್ ಅನ್ನುವ ವಿಶ್ವಕೇಂದ್ರ ಇದೆ ಅಂತ ಕೇಳಿದಾಗಿನಿಂದ ಪುಟ್ಟಿ ಊರಿಗೆ ಬಂದಾಗ ಅಲ್ಲಿಗೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳೆ. ಅವಳ ಪ್ಯಾಟ್ರೋಲಿನವರು ನಿಮ್ಮ ಶಾಲೆಯ ಹುಡುಗಿಯರಿಗೆ ಕಾಗದ ಬರೆಯಲು ತಯಾರಿದ್ದಾರೆ. ನಿಮ್ಮ ಮಕ್ಕಳು ಕನ್ನಡದಲ್ಲೇ ಬರೆಯಲಿ, ಪುಟ್ಟಿ ಓದಿ ಹೇಳುತ್ತಾಳಂತೆ. ಅವಳ ಕನ್ನಡವೂ ಸುಧಾರಿಸುತ್ತದೆ. ನೀನು ಹೂಂ ಅಂದರೆ ಜನವರಿಯಲ್ಲೇ ಪೋಸ್ಟ್ ಮಾಡಿಸುತ್ತೇನೆ, ಶಾಲೆಯ ವಿಳಾಸ ಪಿನ್ ಕೋಡ್ ಸಮೇತ ಕಳಿಸು.

ಅಮ್ಮನಿಗೆ ಈ ಕಾಗದ ಓದಿ ಹೇಳು. ಉಪ್ಪಿನಕಾಯಿ ಮುಗಿದಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಅಪ್ಪೆಮಿಡಿ ಒಂದು ಬಾಟಲಿ ಕಳಿಸಿಕೊಡು.

ಇಂತಿ ನಿನ್ನ ಪ್ರೀತಿಯ
ತಂಗಿ